ಜಿಡ್ಡಿನ ಮೇಲಿನ ಗೆರೆ

"ಈ ಗಾಡೀಲಿ ಇಷ್ಟು ದಿನ ಓಡಾಡಿದ್ದೀರಲ್ಲ ಮೇಡಂ, ನಿಮಗೆ ದೊಡ್ಡ ನಮಸ್ಕಾರ," ಎಂದು ವೈರ್ ಮೇಸ್ತ್ರಿ ಬಾನೆಟ್ ಎತ್ತಿ ಕಡ್ಡಿ ಆನಿಸಿದ.

"ಹೇಗೋ ಓಡ್ತಿತ್ತು. ನಿಮ್ಮ ಅಂಗಡಿ ಮುಂದೆ ಬಂದ ಮೇಲೇ ನಿಂತಿದ್ದು," ಎಂದಳು ಸರ್ವೇಯರಮ್ಮ.

ಅವಳು ಬಂದದ್ದು ರಿಪೇರಿಗಲ್ಲ. ಆರು ದಿನಗಳ ಹಿಂದೆ ಮುಸ್ಸಂಜೆಯಲ್ಲಿ, ನಿವೃತ್ತ ಭೂಗೋಳದ ಟೀಚರೊಬ್ಬರ ಇಪ್ಪತ್ತಾರು ವರ್ಷದ ಕಾರು ಗುಡ್ಡದ ತಿರುವಿನಲ್ಲಿ ದೀಪವೂ ಇಲ್ಲದೆ ಇಂಜಿನ್ನೂ ಇಲ್ಲದೆ ನಿಂತು, ಹಿಂದಿನಿಂದ ಬಂದ ಲಾರಿ ಅದಕ್ಕೆ ಗುದ್ದಿತ್ತು. ಟೀಚರ್‌ಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಅದಕ್ಕೂ ಎರಡು ದಿನ ಮೊದಲು ಆ ಕಾರಿನ ವೈರಿಂಗ್ ಪೂರ್ತಿ ನೋಡಿ ಕಳುಹಿಸಿದವನು ಈ ಮೇಸ್ತ್ರಿ.

ವಿಮಾ ಕಂಪನಿಯ ಸರ್ವೇಯರ್ ಆಗಿ ಅವಳು ನಾಳೆ ಹತ್ತು ಗಂಟೆಗೆ ವರದಿ ಕೊಡಬೇಕು. ಅದರಲ್ಲಿ 'ನಿರ್ಲಕ್ಷ್ಯ' ಎಂದು ಬರೆದರೆ ಹನ್ನೊಂದಕ್ಕೆ ಪೊಲೀಸರು ಈ ಅಂಗಡಿಯ ಬಾಗಿಲು ಎಳೆದು ಅವನನ್ನು ಕರೆದೊಯ್ಯುತ್ತಾರೆ. ಅದು ಅವನಿಗೂ ಗೊತ್ತಿತ್ತು.

ಒಂದು ಗಂಟೆ ಪ್ರಶ್ನೆ ಕೇಳಿ ಮುಗಿಸಿ ಹೊರಡೋಣವೆಂದು ಕೀಲಿ ತಿರುಗಿಸಿದರೆ ಅವಳ ಗಾಡಿ ಟಿಕ್ ಎಂದು ಸುಮ್ಮನಾಗಿತ್ತು.

"ಆರೋಪಿ ಕೈಯಲ್ಲಿ ರಿಪೇರಿ ಮಾಡಿಸ್ಕೊಂಡೆ ಅಂತ ನಾಳೆ ನನ್ನ ಮೇಲೇ ಬರೀತಾರೆ," ಎಂದಳು.

"ಹಾಗಾದ್ರೆ ತಳ್ಳಿಸ್ಕೊಂಡು ಹೋಗಿ. ಮುಂದಿನ ಗ್ಯಾರೇಜು ಎರಡೇ ಮೈಲಿ."

ಅವಳು ಸ್ಟೂಲಿನ ಮೇಲೆ ಕುಳಿತಳು. ನಾಲ್ಕು ರಾತ್ರಿಯಿಂದ ನಿದ್ದೆ ಅರೆಬರೆ. ಸೊಂಟ ತನ್ನದಲ್ಲ ಎನ್ನುವ ಹಾಗೆ ನೋಯುತ್ತಿತ್ತು. ಐವತ್ತೆರಡನೇ ವಯಸ್ಸಿಗೆ ಇನ್ನೊಬ್ಬರ ಅಪಘಾತಗಳನ್ನು ಅಳೆಯುತ್ತ ಊರೂರು ಸುತ್ತುವ ಕೆಲಸ ಸಾಕುಸಾಕಾಗಿತ್ತು. ಆದರೂ ಅವನ ಕೈಯಿಂದ ಅವಳ ಕಣ್ಣು ಕದಲಲಿಲ್ಲ. ನೋಡುವುದು ಅವಳ ಜಾಯಮಾನ.

ಬ್ಯಾಟರಿಯ ಮೂತಿಯಲ್ಲಿ ಬಿಳಿ ಪುಡಿ ಬೂಷ್ಟಿನ ಹಾಗೆ ಬೆಳೆದಿತ್ತು. ಮೇಸ್ತ್ರಿ ಮೊದಲು ಅರ್ತ್ ವೈರ್ ಬಿಚ್ಚಿದ. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಸುರಿದ. ಪುಡಿ ನೊರೆಯೆದ್ದು ಹರಿದುಹೋಯಿತು. ತಂತಿ ಬ್ರಶ್ಶಿನಿಂದ ಸೀಸ ಹೊಳೆಯುವವರೆಗೆ ಉಜ್ಜಿದ.

"ಹಳೇ ಗಾಡಿ ದಾರೀಲಿ ನಿಲ್ಲೋದು ಒಂದೇ ದಿನದಲ್ಲಲ್ಲ ಮೇಡಂ. ತಿಂಗಳುಗಟ್ಟಲೆ ಹೇಳ್ತಾನೇ ಇರುತ್ತೆ. ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಗೊಣಗುತ್ತೆ. ಬ್ರೇಕ್ ಒತ್ತಿದಾಗ ದೀಪ ಕಣ್ಣು ಮಿಟುಕಿಸುತ್ತೆ. ನಾವು ಕೇಳಿಸ್ಕೊಳ್ಳಲ್ಲ. ನಿಮ್ದು ಗೊಣಗಿತ್ತೋ ಇಲ್ವೋ?"

"ಗೊಣಗಿತ್ತು," ಎಂದು ಅವಳು ಒಪ್ಪಿಕೊಂಡಳು.

"ನೀವೇನು ಮಾಡಿದ್ರಿ?"

"ನಾನೂ ಗೊಣಗಿದೆ."

ಅವನು ನಕ್ಕ. ಒಂದು ವಾರದಲ್ಲಿ ಮೊದಲ ಸಲ ನಕ್ಕವನ ಹಾಗೆ, ಅರ್ಧಕ್ಕೇ ನಿಲ್ಲಿಸಿದ.

ಬ್ಯಾಟರಿಯಿಂದ ಹೊರಟ ಅರ್ತ್ ವೈರ್ ಬಾಡಿಯ ತಗಡಿಗೆ ಸೇರುವಲ್ಲಿ ಒಂದೇ ಒಂದು ಬೋಲ್ಟು. ಅದರ ಕೆಳಗಿನ ತುಕ್ಕನ್ನು ಎಮರಿ ಕಾಗದದಿಂದ ಕೆರೆದು, ಹತ್ತರ ಸ್ಪ್ಯಾನರ್ ಹಾಕಿ ಬಿಗಿಮಾಡಿದ.

"ಇಡೀ ಗಾಡಿ ಈ ಬೋಲ್ಟಿನ ಮರ್ಜಿ ಮೇಲೆ ಇದೆ. ಇದು ಸಡಿಲ ಆದ್ರೆ ನಿಂತಲ್ಲಿ ಸರಿಯಾಗೇ ಇರುತ್ತೆ. ಒಂದು ಗುಂಡಿಗೆ ಇಳೀಲಿ, ದೀಪ, ಇಂಜಿನ್ ಎಲ್ಲ ಒಟ್ಟಿಗೇ ಢಮಾರ್."

ಟೀಚರ್ ಕಾರಿನಲ್ಲಿ ಸಡಿಲವಾಗಿದ್ದದ್ದು ಇದೇ ಬೋಲ್ಟು.

ಮೇಸ್ತ್ರಿ ಕಪಾಟಿನಿಂದ ಒಂದು ಪುಟ್ಟ ಬಾಟಲಿ ತಂದ. ಕೆಂಪು ನೇಲ್ ಪಾಲಿಷ್. ಬೋಲ್ಟಿನ ತಲೆಯಿಂದ ಪಕ್ಕದ ತಗಡಿನವರೆಗೆ ಒಂದೇ ನೇರ ಗೆರೆ ಎಳೆದ. ಇದು ಅವನ ರೂಢಿ. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡು ತುಂಡಾಗುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಕೆಲಸ ಮುಗಿದ ಮೇಲೆ ಗಿರಾಕಿಗೆ ಪ್ರತಿಯೊಂದು ಗೆರೆಯನ್ನೂ ತೋರಿಸಿಯೇ ಗಾಡಿ ಕೊಡುತ್ತಿದ್ದ.

ಈ ಗೆರೆಯೇ ಅವನ ಕುತ್ತಿಗೆಗೆ ಬಂದಿತ್ತು. ಟೀಚರ್ ಕಾರಿನ ಬೋಲ್ಟು ಸಡಿಲ, ಗೆರೆ ಮಾತ್ರ ಅಖಂಡ. ಅಂದರೆ ಸಡಿಲವಿದ್ದ ಬೋಲ್ಟಿನ ಮೇಲೇ ಗೆರೆ ಎಳೆದು ಕೈತೊಳೆದುಕೊಂಡಿದ್ದಾನೆ. ಬೇರೆ ಅರ್ಥವೇ ಇಲ್ಲ ಎಂದಿದ್ದ ಇನ್‌ಸ್ಪೆಕ್ಟರ್. ಅವಳಿಗೂ ಬೇರೆ ಅರ್ಥ ಹೊಳೆದಿರಲಿಲ್ಲ.

"ಮೂವತ್ತು ವರ್ಷ ಆಯ್ತು ಮೇಡಂ. ಸಡಿಲ ಬೋಲ್ಟಿಗೆ ನಾನು ಗೆರೆ ಎಳೆದವನಲ್ಲ."

"ಎಲ್ಲರಿಗೂ ಒಂದು ದಿನ ತಪ್ಪುತ್ತೆ."

"ತಪ್ಪುತ್ತೆ. ಆದ್ರೆ ಆವತ್ತು ತಪ್ಪಿಲ್ಲ. ಟೀಚರ್ ಇಲ್ಲೇ ನಿಂತು ನೋಡಿದ್ರು. ಅವರ ತಮ್ಮನ ಹೆಂಡ್ತೀನೂ ಕೊನೇಲಿ, ನಾನು ಗೆರೆ ತೋರಿಸೋ ಹೊತ್ತಿಗೆ ಒಳಗೆ ಬಂದ್ರು. 'ಗಾಡಿಗೂ ನೇಲ್ ಪಾಲಿಷಾ, ಮದುವೆ ಮಾಡ್ತೀರಾ' ಅಂತ ತಮಾಷೆ ಮಾಡಿದ್ರು. ಆವತ್ತೇ ಮಗಳ ನೇಲ್ ಪಾಲಿಷ್ ಬಾಟ್ಲು ಒಂದು ಇಲ್ಲಿಂದ ಎಲ್ಲೋ ಹೋಯ್ತು, ಅವಳ ಹತ್ರ ಬೈಸ್ಕೊಂಡೆ."

ಅವಳು ಗಡಿಯಾರ ನೋಡಿದಳು. ಪೆಟ್ರೋಲಿಯಂ ಜೆಲ್ಲಿಯ ಡಬ್ಬಿ ತೆರೆದಿಟ್ಟುಕೊಂಡು ಮೇಸ್ತ್ರಿ ಸುಮ್ಮನೆ ನಿಂತಿದ್ದ.

"ಹಚ್ಚಿಬಿಡಿ, ನನಗೆ ಹೊತ್ತಾಯ್ತು."

"ಗೆರೆ ಒಣಗಲಿ. ಮೊದಲು ಗೆರೆ, ಆಮೇಲೆ ಜಿಡ್ಡು. ಮೊದಲೇ ಜಿಡ್ಡು ಮೆತ್ತಿದ್ರೆ ಬಣ್ಣ ಹಿಡಿಯಲ್ಲ, ಬೆರಳು ತಾಗಿದ್ರೆ ಜಾರಿಹೋಗುತ್ತೆ."

ಸರ್ವೇಯರಮ್ಮ ತಟ್ಟನೆ ತಲೆಯೆತ್ತಿದಳು.

ಮೂರು ದಿನದ ಹಿಂದೆ ಪೊಲೀಸ್ ಅಂಗಳದಲ್ಲಿ ತೆಗೆದ, ಟೀಚರ್ ಕಾರಿನ ಬೋಲ್ಟಿನ ಫೋಟೊ ಫೋನಿನಲ್ಲಿತ್ತು. ದೊಡ್ಡದು ಮಾಡಿ ನೋಡಿದಳು. ಜೆಲ್ಲಿಯ ಮೇಲೆ ಧೂಳು ಕೂತಿತ್ತು. ಗೆರೆ ಮಾತ್ರ ಫಳಫಳ ಹೊಳೆಯುತ್ತಿತ್ತು. ಜೆಲ್ಲಿಯ ಕೆಳಗಿರಬೇಕಾದ ಗೆರೆ ಮೇಲೆ ಕೂತಿತ್ತು.

"ಏನಾಯ್ತು ಮೇಡಂ?"

"ಏನಿಲ್ಲ. ನೀವು ಒಣಗಿಸಿ, ಚೆನ್ನಾಗಿ ಒಣಗಿಸಿ," ಎಂದಳು. ಆತುರಪಟ್ಟು ಆಸೆ ಹುಟ್ಟಿಸುವುದು ಅವಳಿಗೆ ಇಷ್ಟವಿರಲಿಲ್ಲ.

ಗೆರೆ ಒಣಗಿದ ಮೇಲೆ ತೆಳ್ಳಗೆ ಜೆಲ್ಲಿ ಹಚ್ಚಿ, ಇಂಜಿನ್ ಓಡುವಾಗ ಬ್ಯಾಟರಿ ಮೀಟರಿನ ಮುಳ್ಳು ಎಲ್ಲಿ ನಿಲ್ಲಬೇಕೆಂದು ತೋರಿಸಿ, ತಗಡಿಗೆ ಉಜ್ಜುತ್ತಿದ್ದ ಒಂದು ವೈರಿಗೆ ಟೇಪು ಸುತ್ತಿ, ಕಪ್ಪಾಗಿದ್ದ ಫ್ಯೂಸ್ ಬದಲಿಸಿ ಅವನು ಬಾನೆಟ್ ಇಳಿಸಿದ.

"ಎಡಗಡೆ ಬಾಗಿಲಿಗೆ ಬೀಗಾನೇ ಹತ್ತಲ್ಲ ನಿಮ್ದು."

"ಅದನ್ನ ಯಾರು ಕದೀತಾರೆ ಬಿಡಿ."

"ದೂರ ಹೊರಡೋ ಮುಂಚೆ ಒಂದ್ಸಲ ಬಾನೆಟ್ ಎತ್ತಿ ಗೆರೆ ನೋಡಿ. ಅರ್ಧ ನಿಮಿಷ. ಅಷ್ಟು ಮಾಡಿದ್ರೆ ನನ್ನಂಥೋರ ಮುಖ ನೋಡೋದು ತಪ್ಪುತ್ತೆ." ಕೈ ಒರೆಸಿಕೊಳ್ಳುತ್ತ, ಅವಳ ಕಡೆ ನೋಡದೆಯೇ ಕೇಳಿದ: "ನಾಳೆ ಅಂಗಡಿ ತೆಗೀಲಾ ಮೇಡಂ?"

ಅವಳು ಗಾಡಿ ಹತ್ತಿ ಕೀಲಿ ತಿರುಗಿಸಿದಳು.

*

ಪೊಲೀಸ್ ಅಂಗಳದಲ್ಲಿ ಟೀಚರ್ ಕಾರು ಬಿಸಿಲಿಗೆ ಬಿದ್ದಿತ್ತು. ಹಿಂಭಾಗ ಅಪ್ಪಚ್ಚಿ, ಮುಂಭಾಗ ಏನೂ ಆಗಿಲ್ಲದ ಹಾಗೆ.

ಇಪ್ಪತ್ತೈದು ವರ್ಷದ ಕೆಲಸದಲ್ಲಿ ಅವಳು ಫೋಟೊ ತೆಗೆಯುತ್ತಿದ್ದಳೇ ಹೊರತು ಯಾವುದನ್ನೂ ಮುಟ್ಟುತ್ತಿರಲಿಲ್ಲ. ಆ ಶಿಸ್ತೇ ಇವತ್ತು ಅಮಾಯಕನೊಬ್ಬನನ್ನು ಜೈಲಿಗೆ ಕಳಿಸಲು ಹೊರಟಿತ್ತು.

ಕಾವಲಿನ ಪೇದೆಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. "ನಾನು ಮಾಡೋದನ್ನ ಫೋನಲ್ಲಿ ವಿಡಿಯೋ ತೆಗೀರಿ."

"ಯಾಕಮ್ಮ, ರೀಲ್ಸಾ?"

"ಹೌದು. ನಾಳೆ ನಿಮ್ಮ ಸಾಹೇಬ್ರು ಲೈಕ್ ಒತ್ತುತ್ತಾರೆ."

ಕೈಗವಸು ಹಾಕಿ ಒಂದು ಬೆರಳನ್ನು ಗೆರೆಯ ಮೇಲೆ ಹಗುರವಾಗಿ ಎಳೆದಳು. ಕೆಂಪು ಗೆರೆ ಹಾಲಿನ ಕೆನೆಯ ಹಾಗೆ ಮುದುರಿಕೊಂಡು ಬಂತು. ಕೆಳಗೆ ಜೆಲ್ಲಿ. ಅದನ್ನೂ ಒರೆಸಿದಳು.

ಅದರ ಕೆಳಗೆ ಇನ್ನೊಂದು ಗೆರೆ ಇತ್ತು. ಗಟ್ಟಿಯಾಗಿ ಒಣಗಿ ಲೋಹಕ್ಕೆ ಕಚ್ಚಿಕೊಂಡ ಗೆರೆ. ಅದರ ಒಂದು ತುಂಡು ತಗಡಿನ ಮೇಲೆ ನೇರ ನಿಂತಿತ್ತು. ಇನ್ನೊಂದು ತುಂಡು ಬೋಲ್ಟಿನ ಜೊತೆ ತಿರುಗಿ ಎಲ್ಲೋ ಪಕ್ಕಕ್ಕೆ ಹೋಗಿತ್ತು.

ಮೇಸ್ತ್ರಿ ಬಿಗಿಮಾಡಿದ್ದ. ಆಮೇಲೆ ಯಾರೋ ಬಿಚ್ಚಿದ್ದರು. ಬಿಚ್ಚಿದ್ದನ್ನು ಮುಚ್ಚಲು ಜಿಡ್ಡು ಮೆತ್ತಿ, ಅದರ ಮೇಲೆ ಹೊಸ ಗೆರೆ ಎಳೆದಿದ್ದರು. ಹಾಗೆ ಎಳೆದವರು ಗೆರೆಯನ್ನು ನೋಡಿದವರು, ಗೆರೆ ಎಳೆಯುವುದನ್ನು ನೋಡಿದವರಲ್ಲ. ಮುಗಿದ ಕೆಲಸವನ್ನಷ್ಟೇ ಕಂಡವರು.

ಪೇದೆ ಬಾಯಿ ತೆರೆದುಕೊಂಡೇ ಇದ್ದ. "ಇದರ ಅರ್ಥ ಏನಮ್ಮ?"

"ನನಗೆ ಇವತ್ತೂ ಬೇಗ ಮನೆ ಸೇರೋ ಯೋಗ ಇಲ್ಲ ಅಂತ," ಎಂದು ಅವಳು ಕೈಗವಸು ಕಳಚಿದಳು.

*

ಟೀಚರ್ ಮನೆಯ ಓಣಿ ಇಕ್ಕಟ್ಟು. ಕಾರನ್ನು ಕಾಂಪೌಂಡಿನ ಆಚೆ, ಗೋಡೆಗೆ ಒತ್ತಿ ನಿಲ್ಲಿಸಿ ಒಳಗೆ ಹೋದಾಗ ನಾಲ್ಕೂವರೆ.

ಟೀಚರ್ ಹೆಸರಿನಲ್ಲಿದ್ದ ಆ ಮನೆಯಲ್ಲಿದ್ದವರು ಮೂವರೇ. ಮದುವೆಯಾಗದ ಟೀಚರ್, ಅವರ ತಮ್ಮ, ತಮ್ಮನ ಹೆಂಡತಿ. ತಮ್ಮ ಕಾಲೇಜೊಂದರ ಲೈಬ್ರರಿಯನ್. ಮಾತಾಡುವಾಗಲೂ ಪುಸ್ತಕಗಳ ನಡುವೆ ಇದ್ದಂತೆ ದನಿ ತಗ್ಗಿಸುತ್ತಿದ್ದ. ಗೋಡೆ ತುಂಬ ಟೀಚರ್ ನಕ್ಷೆಗಳು. ಮೇಜಿನ ಮೇಲೊಂದು ಗ್ಲೋಬು. ಯಾರೂ ಒರೆಸದೆ ಆರು ದಿನದ ಧೂಳು ಅದರ ಮೇಲೆ ಕುಳಿತಿತ್ತು.

ಹೆಂಡತಿ ನೀರು ತಂದುಕೊಟ್ಟಳು. ಸರ್ವೇಯರಮ್ಮನ ಕಣ್ಣು ಅಭ್ಯಾಸಬಲದಿಂದ ಅವಳ ಬೆರಳುಗಳಿಗೆ ಹೋಯಿತು. ಕತ್ತರಿಸಿದ ಉಗುರುಗಳು, ಬಣ್ಣವಿಲ್ಲ.

"ಪಾಪ, ಬಿಸಿಲಲ್ಲಿ ಸುಸ್ತಾಗಿದ್ದೀರಿ," ಎಂದಳು ಅವಳು. "ಆ ಮೇಸ್ತ್ರೀನ ನೋಡಿ ಬಂದ್ರಾ?"

"ಅಲ್ಲಿಂದ್ಲೇ ಹೊರಟೆ. ನನ್ನ ಗಾಡೀನೂ ಕೈಕೊಟ್ಟಿತ್ತು, ಅವರೇ ನೋಡಿಕೊಟ್ರು. ಬೋಲ್ಟು, ಗೆರೆ, ಎಲ್ಲ."

"ಅಯ್ಯೋ! ಅತ್ತಿಗೇನ ಆ ಗತಿಗೆ ತಂದವನ ಹತ್ರಾನಾ?" ಎಂದು ಕೆನ್ನೆಗೆ ಕೈಯಿಟ್ಟಳು. "ಇರಿ, ಟೀ ಮಾಡ್ತೀನಿ. ಹಾಲು ಮುಗಿದಿದೆ, ಮೂಲೆ ಅಂಗಡಿಗೆ ಹೋಗಿ ಬರ್ತೀನಿ."

ಗೇಟಿನ ಸದ್ದಾಯಿತು. ಸರ್ವೇಯರಮ್ಮ ಲೈಬ್ರರಿಯನ್ ಕಡೆ ತಿರುಗಿದಳು.

"ಮನೇಲಿ ಹತ್ತರ ಸ್ಪ್ಯಾನರ್ ಇದೆಯಾ ಸಾರ್?"

ಅವನು ಕನ್ನಡಕ ತೆಗೆದ. ಒರೆಸಿದ. ಮತ್ತೆ ಹಾಕಿಕೊಂಡ. "ಇರಬಹುದು. ಯಾರ ಮನೇಲಿ ಇರಲ್ಲ?"

"ನೀವು ಅದನ್ನ ಕೊನೇ ಸಲ ಯಾವಾಗ ಮುಟ್ಟಿದ್ದು?"

"ನನಗೆ ಆ ರಿಪೇರಿ ಗಿಪೇರಿ ಬರಲ್ಲ."

"ರಿಪೇರಿ ಬರಲ್ಲ ಸರಿ. ಬಿಚ್ಚೋದಕ್ಕೆ ಏನು ಬರಬೇಕು?"

ಅವಳು ಫೋನ್ ಮುಂದಿಟ್ಟು ಪೇದೆ ತೆಗೆದ ವಿಡಿಯೋ ಹಚ್ಚಿದಳು. ಗೆರೆ ಜಾರಿತು. ಒಳಗಿನ ತುಂಡಾದ ಗೆರೆ ಕಾಣಿಸಿತು. ಲೈಬ್ರರಿಯನ್ ಕೊನೆಯವರೆಗೂ ನೋಡಿದ. ಆಮೇಲೆ ತಡಕಾಡಿ ಕುರ್ಚಿ ಹಿಡಿದು ಕುಳಿತ.

"ನಾಳೆ ಹನ್ನೊಂದಕ್ಕೆ ಆ ಮೇಸ್ತ್ರೀನ ಒಳಗೆ ಹಾಕ್ತಾರೆ," ಎಂದಳು ಅವಳು. ದನಿ ಏರಿಸಲಿಲ್ಲ. ಏರಿಸುವ ತ್ರಾಣವೂ ಇರಲಿಲ್ಲ. "ಅವರು ನಿಮ್ಮಕ್ಕನ ಗಾಡೀನ ಹದಿನೇಳು ವರ್ಷದಿಂದ ನೋಡ್ಕೊಂಡವರು."

"ಅಕ್ಕನಿಗೆ ಎಡಗಣ್ಣು ಮಂಜು," ಎಂದ ಅವನು, ಗ್ಲೋಬಿನ ಜೊತೆ ಮಾತಾಡುವವನಂತೆ. "ಓಡಿಸಬೇಡಿ ಅಂತ ಡಾಕ್ಟ್ರು ಹೇಳಿ ವರ್ಷ ಆಯ್ತು. ಕೇಳಬೇಕಲ್ಲ? 'ನನ್ನ ಕಾರು ನನ್ನ ಕಾಲು ಕಣೋ' ಅಂತಾಳೆ. ಕೀಲಿ ಬಚ್ಚಿಟ್ಟೆ, ಇನ್ನೊಂದು ಮಾಡಿಸ್ಕೊಂಡು ಬಂದ್ಲು. ಎಪ್ಪತ್ತೊಂದು ವರ್ಷ. ನನ್ನ ಪಾಡು ಏನು ಹೇಳಿ?"

"ಅದಕ್ಕೆ ಬೋಲ್ಟು ಬಿಚ್ಚಿದ್ರಿ."

"ಸಡಿಲ ಮಾಡಿದೆ, ಅಷ್ಟೇ! ಸ್ಟಾರ್ಟ್ ಆಗಬಾರದು, ಅಂಗಳದಲ್ಲೇ ನಿಲ್ಲಬೇಕು, ಬೇಸರ ಬಂದು ಮಾರಬೇಕು ಅಂತ. ದಾರೀಲಿ ನಿಲ್ಲಲಿ ಅಂತ ನಾನು..." ಅವನು ಗ್ಲೋಬಿನ ಧೂಳನ್ನು ಅಂಗೈಯಿಂದ ಒರೆಸಿದ. "ನನ್ನನ್ನ ಎತ್ತಿ ಆಡಿಸಿದೋಳು ಮೇಡಂ ಅವಳು."

ಅವಳಿಗೆ ಕೋಪ ಬರಲಿಲ್ಲ. ಅವಳ ಗಂಡನೂ 'ಆ ಡಬ್ಬಾ ಮಾರು, ಮಾರು' ಎಂದು ದಿನಾ ತಲೆ ತಿನ್ನುತ್ತಿದ್ದ. ಜನ ಪ್ರೀತಿಯಿಂದ ಎಂಥೆಂಥ ಕೆಲಸ ಮಾಡುತ್ತಾರೆ ಎಂದುಕೊಂಡು ಕಣ್ಣುಜ್ಜಿಕೊಂಡಳು.

"ಆದ್ರೆ ಗಾಡಿ ಸ್ಟಾರ್ಟ್ ಆಯ್ತು."

"ಆಯ್ತು. ನಾನು ಕಾಲೇಜಲ್ಲಿದ್ದೆ. ಹೆಂಡ್ತಿಗೆ ಹೇಳಿ ಹೋಗಿದ್ದೆ, ಹೀಗೆ ಮಾಡಿದ್ದೀನಿ, ಅಕ್ಕ ಅಕಸ್ಮಾತ್ ಹೊರಟ್ರೆ ತಡಿ ಅಂತ. ಅವಳು ಹಿತ್ತಲಲ್ಲಿ ಬಟ್ಟೆ ಒಗೀತಿದ್ದಳಂತೆ. ಹೊರಟಿದ್ದೇ ಗೊತ್ತಾಗಲಿಲ್ಲವಂತೆ."

"ಸರಿ. ಮತ್ತೆ ಗೆರೆ ಯಾಕೆ ಎಳೆದ್ರಿ?"

"ಯಾವ ಗೆರೆ?"

"ಈಗ ನೋಡಿದ್ರಲ್ಲ. ನೇಲ್ ಪಾಲಿಷ್."

"ಅದು ಬಣ್ಣವಾ? ನಾನು ಏನೋ ಗಾಡೀದೇ ಅಂದ್ಕೊಂಡೆ." ಅವನ ಮುಖದಲ್ಲಿ ಕಳ್ಳತನವಿರಲಿಲ್ಲ, ಬರೀ ಗಲಿಬಿಲಿ. "ನಾನು ಸ್ಪ್ಯಾನರಲ್ಲಿ ಒಂದೂವರೆ ಸುತ್ತು ತಿರುಗಿಸಿದೆ. ಬಾನೆಟ್ ಮುಚ್ಚಿದೆ. ದೇವರಾಣೆ, ಅಷ್ಟೇ."

ಸರ್ವೇಯರಮ್ಮ ಅವನನ್ನೇ ದಿಟ್ಟಿಸಿದಳು. ಸುಳ್ಳು ಹೇಳುವವರನ್ನು ಅವಳು ಸಾವಿರಗಟ್ಟಲೆ ಕಂಡಿದ್ದಳು. ಇವನು ಬೋಲ್ಟಿನ ವಿಷಯದಲ್ಲಿ ಇಷ್ಟು ಹೊತ್ತು ಸುಳ್ಳು ಹೇಳಿದ್ದ. ಗೆರೆಯ ವಿಷಯದಲ್ಲಿ ಹೇಳುತ್ತಿರಲಿಲ್ಲ.

ಹಾಗಾದರೆ ಬೋಲ್ಟು ಸಡಿಲವಿದೆಯೆಂದು ಗೊತ್ತಿದ್ದೂ ಬಿಗಿಮಾಡದೆ, ಟೀಚರ್ ಬಾನೆಟ್ ಎತ್ತಿ ನೋಡಿದರೂ ಎಲ್ಲ ಸರಿಯಿದೆ ಅನ್ನಿಸುವ ಹಾಗೆ ಗೆರೆ ಎಳೆದವರು ಯಾರು?

"ಹಾಲು ಸಿಗೋಷ್ಟರಲ್ಲಿ ಸಾಕಾಯ್ತು," ಎನ್ನುತ್ತ ಹೆಂಡತಿ ಒಳಬಂದಳು.

ಗೋಡೆ ಗಡಿಯಾರದಲ್ಲಿ ಐದಕ್ಕೆ ಮೂರು ನಿಮಿಷವಿತ್ತು. ಮೂಲೆ ಅಂಗಡಿ ಐವತ್ತು ಹೆಜ್ಜೆ ದೂರದಲ್ಲಿತ್ತು.

ಟೀ ಕುಡಿಯುವ ಮನಸ್ಸು ಅವಳಿಗೆ ಉಳಿಯಲಿಲ್ಲ. ಎದ್ದಳು. ಲೈಬ್ರರಿಯನ್‌ಗೆ ಮೆಲ್ಲಗೆ, "ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬನ್ನಿ. ನನಗೆ ಹೇಳಿದ್ದನ್ನ ಅಲ್ಲಿ ನೀವಾಗಿ ಹೇಳಿ. ನಾನು ಬರೆದದ್ದನ್ನ ಓದಿಸ್ಕೊಳ್ಳೋದಕ್ಕಿಂತ ಅದು ಮೇಲು," ಎಂದಳು. ಅವನು ಮಗುವಿನ ಹಾಗೆ ತಲೆಯಾಡಿಸಿದ.

"ಕತ್ತಲಾಗೋ ಮುಂಚೆ ಸೇರ್ಕೊಳ್ಳಿ ಮೇಡಂ," ಎಂದಳು ಹೆಂಡತಿ ಅಡುಗೆಮನೆಯಿಂದಲೇ. "ನಿಮ್ಮ ದಾರೀಲಿ ಆ ಗುಡ್ಡದ ತಿರುವು ಸರಿಯಿಲ್ಲ."

*

ಕಾರಿನ ಸೀಟಿಗೆ ಕುಸಿದು ಕೀಲಿ ಹಾಕಿದಳು. ಮನೆಗೆ ಹೋಗಿ ಕಾಲು ಚಾಚಿದರೆ ಸಾಕಾಗಿತ್ತು. ಅರ್ಧ ನಿಮಿಷ ಎಂದಿದ್ದ ಮೇಸ್ತ್ರಿ. ಬೆಳಿಗ್ಗೆ ತಾನೇ ಮಾಡಿದ ಕೆಲಸ, ಇಷ್ಟರಲ್ಲಿ ಏನಾಗಿರುತ್ತದೆ?

ಗೊಣಗುತ್ತಲೇ ಇಳಿದು ಬಾನೆಟ್ ಎತ್ತಿದಳು.

ಗೆರೆ ನೇರವಾಗಿತ್ತು. ಕೆಂಪಗೆ, ಅಖಂಡವಾಗಿ.

ಉಸಿರು ಬಿಟ್ಟು ಬಾನೆಟ್ ಇಳಿಸಲು ಹೋದವಳು ನಿಂತಳು. ನೋಡಿದ್ದನ್ನೇ ನಂಬಿ ಮೋಸಹೋದದ್ದು ಗೊತ್ತಾಗಿದ್ದು ಇವತ್ತೇ ತಾನೇ? ತೋರುಬೆರಳು ಚಾಚಿದಳು.

ಗೆರೆ ಜಾರಿತು. ಬೆರಳ ತುದಿಗೆ ಹಸಿ ಬಣ್ಣ ಅಂಟಿತು.

ದಪ್ಪಗೆ ಮೆತ್ತಿದ್ದ ಜೆಲ್ಲಿಯ ಕೆಳಗೆ ಮೇಸ್ತ್ರಿಯ ಗೆರೆ ಎರಡು ತುಂಡಾಗಿ ಬೇರೆ ಬೇರೆ ಕಡೆ ಮುಖ ಮಾಡಿತ್ತು. ಬೋಲ್ಟನ್ನು ಎರಡು ಬೆರಳಲ್ಲಿ ಹಿಡಿದಳು. ಬಾಟಲಿಯ ಮುಚ್ಚಳದಷ್ಟು ಸಲೀಸಾಗಿ ತಿರುಗಿತು.

ಬೀಗ ಹತ್ತದ ಎಡಬಾಗಿಲ ಕಡೆ ತಿರುಗಿ ನೋಡಿದಳು. ಒಂದೇ ಮೇಸ್ತ್ರಿಯ ಕೈಯ ಎರಡನೇ ಗಾಡಿ, ಅದೇ ತಿರುವು, ಅದೇ ಅಖಂಡ ಗೆರೆ. ನಾಳೆ ಅವನ ಮಾತನ್ನು ಕೇಳುವವರೇ ಇರುತ್ತಿರಲಿಲ್ಲ.

"ಏನಾದ್ರೂ ಕೆಟ್ಟಿದೆಯಾ?"

ಹೆಂಡತಿ ಗೇಟಿನಲ್ಲಿ ನಿಂತಿದ್ದಳು. ಸ್ಕೂಟರ್ ಹೊರಗೆ ತಳ್ಳುತ್ತಿದ್ದಳು.

ಸರ್ವೇಯರಮ್ಮ ಬೆರಳು ಮಡಚಿಕೊಂಡಳು. "ಏನಿಲ್ಲ. ಎಲ್ಲ ಸರಿಯಾಗೇ ಇದೆ."

"ಸದ್ಯ!" ಎಂದು ಅವಳು ಸ್ಕೂಟರ್ ಹತ್ತಿದಳು. ಮುಖದಲ್ಲಿ ನಗುವಿತ್ತು. "ಆಸ್ಪತ್ರೆಯಿಂದ ಈಗ ಫೋನ್ ಬಂತು. ಅತ್ತಿಗೆ ಕಣ್ಣು ಬಿಟ್ಟರಂತೆ. ಏನೋ ಹೇಳಬೇಕು ಅಂತಿದ್ದಾರಂತೆ. ಇವರು ನಿಧಾನಕ್ಕೆ ಬರ್ತಾರೆ, ನಾನು ಮೊದಲು ಹೋಗಿರ್ತೀನಿ."

ಸ್ಕೂಟರ್ ಓಣಿಯ ಉಬ್ಬು ಹಾರುವಾಗ ಅದರ ಮುಂದಿನ ಪೆಟ್ಟಿಗೆಯಲ್ಲಿ ಲೋಹಕ್ಕೆ ಗಾಜು ತಾಗಿದ ಸದ್ದಾಯಿತು.

ಸರ್ವೇಯರಮ್ಮ ಇನ್‌ಸ್ಪೆಕ್ಟರ್‌ಗೆ ಫೋನ್ ಮಾಡಿದಳು. ಅವನು ಪಕ್ಕದ ಊರಿನಲ್ಲಿದ್ದ, ಬರಲು ನಲವತ್ತು ನಿಮಿಷ ಬೇಕಿತ್ತು. ವಾರ್ಡಿಗೆ ಯಾರನ್ನಾದರೂ ಕಳಿಸಿ ನೋಡುತ್ತೇನೆಂದ. ಸ್ಕೂಟರ್ ಹದಿನೈದೇ ನಿಮಿಷದಲ್ಲಿ ಆಸ್ಪತ್ರೆ ಸೇರುತ್ತಿತ್ತು.

"ಸಾರ್!" ಅವಳು ಮನೆಯ ಕಡೆ ಕೂಗಿದಳು. "ನಿಮ್ಮ ಹತ್ತರ ಸ್ಪ್ಯಾನರ್ ತನ್ನಿ! ಬೇಗ!"

ಲೈಬ್ರರಿಯನ್ ಬರಿಗಾಲಲ್ಲೇ ಓಡಿಬಂದ. ಕೈಯಲ್ಲಿ ತೆರೆದ ಹತಾರದ ಡಬ್ಬಿ. ಎಂಟರದು ಇತ್ತು, ಒಂಬತ್ತರದು ಇತ್ತು, ಹನ್ನೊಂದರದು ಇತ್ತು. ನಡುವಿನ ಖಾಲಿ ಜಾಗದ ಮೇಲೆ ಬೆರಳಿಟ್ಟುಕೊಂಡು ಅವನು ಅವಳ ಕೆಂಪಾದ ಬೆರಳನ್ನೇ ನೋಡಿದ.

"ಮಧ್ಯಾಹ್ನ ಇಲ್ಲೇ ಇತ್ತು ಮೇಡಂ," ಎಂದ. ಆಮೇಲೆ, ತನ್ನ ಮಾತು ತನಗೇ ಅರ್ಥವಾದವನಂತೆ ಖಾಲಿ ಓಣಿಯ ಕಡೆ ತಿರುಗಿದ. "ಅಕ್ಕನ ಹತ್ರ ಈಗ ಯಾರಿದ್ದಾರೆ?"

ಅವಳು ಬೋಲ್ಟಿನ ಮೇಲೆ ಬೆರಳಿಟ್ಟು, ಉಗುರು ಮುರಿಯುವಷ್ಟು ಬಲ ಹಾಕಿ ತಿರುಗಿಸತೊಡಗಿದಳು.

"ಹತ್ತಿ ಕೂತ್ಕೊಳ್ಳಿ," ಎಂದಳು. "ಗುಂಡಿ ಕಂಡ್ರೆ ಮೊದಲೇ ಹೇಳಿ."